ಮಗು ಪಾರ್ಟಿಯಲ್ಲಿರುವಾಗ ಊರು ಸುತ್ತುವುದು

ಮಗು ಹುಟ್ಟುಹಬ್ಬದ ಪಾರ್ಟಿಯಲ್ಲಿರುವ ಎರಡು ಗಂಟೆಯಲ್ಲಿ ಆ ಊರು ನೋಡಬೇಕೆಂದರೆ ಗಾಡಿ ಅಲ್ಲೇ ಬಿಟ್ಟು ನಡೆಯಿರಿ. ಹಳೇ ಪೇಟೆಯ ಇಕ್ಕಟ್ಟಿನಲ್ಲಿ ಪಾರ್ಕಿಂಗ್ ಹುಡುಕುವುದಕ್ಕೇ ಅರ್ಧ ಹೊತ್ತು ಹೋಗುತ್ತದೆ. ಹೊರಡುವ ಮುನ್ನ ಪಾರ್ಟಿ ಜಾಗಕ್ಕೆ ಪಿನ್ ಹಾಕಿ, ಮ್ಯಾಪ್ ಆಫ್‌ಲೈನ್‌ಗೆ ಇಳಿಸಿಕೊಳ್ಳಿ. ಫೋನ್ ಸೈಲೆಂಟ್‌ನಿಂದ ತೆಗೆಯಿರಿ (ಎಲ್ಲರೂ ಮರೆಯೋದು ಇದನ್ನೇ). ಮಗುವಿಗೆ ಯಾವುದಾದರೂ ಅಲರ್ಜಿಯಿದ್ದರೆ ಕರೆದವರಿಗೆ ಆಗಲೇ ಹೇಳಿ, ನಂಬರ್ ಕೊಟ್ಟಿರಿ.

ಸುಮ್ಮನೆ ನಡೆದರೆ ಗಂಟೆಗೆ 4 ಕಿ.ಮೀ. ಸಾಗಬಹುದು, ನಿಂತು ನೋಡುತ್ತಾ, ಫೋಟೋ ತೆಗೆಯುತ್ತಾ ಹೋದರೆ 2 ಕಿ.ಮೀ. ಕೂಡ ಕಷ್ಟ. ಹಾಗಾಗಿ 50 ನಿಮಿಷಕ್ಕೆ ಅಲಾರಂ ಇಟ್ಟು, ಅದು ಹೊಡೆದ ಕೂಡಲೇ ವಾಪಸ್ ತಿರುಗಿ. ಬರುವಾಗ ಬೇರೆ ಬೀದಿ ಹಿಡಿಯುವ ಆಸೆಯಿದ್ದರೆ 40ಕ್ಕೇ ತಿರುಗಿಬಿಡಿ: ಮ್ಯಾಪ್‌ನಲ್ಲಿ ಕಾಣುವ ಓಣಿ ಕೆಲವೊಮ್ಮೆ ಯಾರದೋ ಗೇಟಿಗೆ ಹೋಗಿ ನಿಲ್ಲುತ್ತದೆ.