ಮೊದಲು ಖೋಲಿ, ಆಮೇಲೆ ವಾಟ್ನಿ

ಧಾರವಾಡದ ಹೊಸಯಲ್ಲಾಪುರದ ಒಂದು ಮನೆಯ ವಾಟ್ನಿ ಪತ್ರ, ಅಂದರೆ ಪಾಲುಪತ್ರ, ಹೋದ ವರ್ಷ ನೋಂದಣಿಯಾಯಿತು. ಕೋರ್ಟಿನ ಮೆಟ್ಟಿಲು ಹತ್ತಲಿಲ್ಲ. “ಎರಡನೇ ಹೇಣ್ತಿ ಬಂದ ಮನಿ ಕೋರ್ಟಿಗೆ ಹೋಗದ ಬಗೆಹರಿಯಂಗಿಲ್ರೀ, ಸುಮ್ನ ಯಾಕ ತಲಿ ಹಾಕ್ತೀರಿ” ಎಂದವರಲ್ಲಿ ಇಬ್ಬರು ವಕೀಲರು, ಒಬ್ಬರು ನನ್ನ ಪಕ್ಕದ ಮೇಜಿನಲ್ಲೇ ಪತ್ರ ಬರೆಯುವವರು. ಈಗ ಅವರೇ ಕರಡು ಕೇಳಿಕೊಂಡು ಬರುತ್ತಿದ್ದಾರೆ. ಕರಡು ಪೂರ್ತಿ ಕೊಡುವವನಲ್ಲ. ಮಾಡಿದ ಕ್ರಮ ಹೇಳುತ್ತೇನೆ.

ಮನೆ ಇಪ್ಪತ್ತೇಳು ಅಡಿ ಮುಖ, ಐವತ್ತು ಅಡಿ ಉದ್ದ. ಮುಂದೆ ಕಟ್ಟಿ, ಪಡಸಾಲಿ, ಎರಡು ಖೋಲಿ (ಕೋಣೆ), ಸಣ್ಣದೊಂದು ಅಡಗಿಮನಿ. ನಡುವೆ ತೆರೆದ ಅಂಗಳ. ಹಿಂದೆ ನಡುಮನಿ, ದೊಡ್ಡ ಅಡಗಿಮನಿ, ಬಚ್ಚಲು, ಸಂಪು. ಉತಾರ, ಅಂದರೆ ಆಸ್ತಿಯ ದಾಖಲೆ, ತೀರಿಹೋದ ತಾಯಿಯ ಹೆಸರಿಗೆ, ಮೃತ್ಯುಪತ್ರ ಇಲ್ಲ. ಇಬ್ಬರು ಗಂಡುಮಕ್ಕಳು, ಗದಗಕ್ಕೆ ಕೊಟ್ಟ ಒಬ್ಬ ಮಗಳು. ತಂದೆ ಅರವತ್ತು ದಾಟಿದ ಮೇಲೆ ಮತ್ತೊಂದು ಮದುವೆಯಾದರು. ಬಂದ ತಾಯಿಗೆ, ಅಂದರೆ ಮಕ್ಕಳ ಚಿಕ್ಕವ್ವನಿಗೆ, ಮೊದಲ ಗಂಡನಿಂದ ಒಬ್ಬ ಮಗನಿದ್ದಾನೆ. ಮೊದಲ ಹೆಂಡತಿ ಬದುಕಿದ್ದು, ಸೋಡಚೀಟಿಯೂ (ವಿಚ್ಛೇದನ) ಆಗಿರದಿದ್ದರೆ ಲೆಕ್ಕವೇ ಬೇರೆ. ಅಂಥ ಮನೆಗೆ, ಆ ಮದುವೆಯ ಮಕ್ಕಳ ಪಾಲಿನ ಬಗ್ಗೆ ಸುಪ್ರೀಂ ಕೋರ್ಟು ಕೊಟ್ಟ 2023ರ ರೇವಣಸಿದ್ದಪ್ಪ–ಮಲ್ಲಿಕಾರ್ಜುನ ತೀರ್ಪು ಓದಿಕೊಂಡೇ ಕೂಡಬೇಕು. ಇಲ್ಲಿ ಆ ತೊಡಕು ಇರಲಿಲ್ಲ.

ತಂದೆ “ನನ್ನ ಮನಿ, ಯಾರಿಗೆ ಬೇಕಾದವ್ರಿಗೆ ಬರಿತೀನಿ” ಅನ್ನುತ್ತಿದ್ದರು. ಮಕ್ಕಳು “ಮನಿ ಎಲ್ಲಾ ಚಿಕ್ಕವ್ವನ ಮಗನ ಪಾಲಾತು” ಅನ್ನುತ್ತಿದ್ದರು. ಎರಡೂ ಸುಳ್ಳು. ಹೆಣ್ಣುಮಗಳ ಹೆಸರಿನ ಆಸ್ತಿ, ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮಿನಂತೆ ಗಂಡ ಮತ್ತು ಮಕ್ಕಳಿಗೆ ಸಮ. ಅಂದರೆ ನಾಲ್ಕು ಹಿಸ್ಸೆ, ತಂದೆಯದು ನಾಲ್ಕಾಣೆ ಮಾತ್ರ. ಅವರು ಏನೂ ಬರೆಯದೆ ತೀರಿಕೊಂಡರೆ ಆ ನಾಲ್ಕಾಣೆ ಮತ್ತೆ ಹೆಂಡತಿ ಮತ್ತು ಮೂವರು ಮಕ್ಕಳ ನಡುವೆ ನಾಲ್ಕು ಪಾಲು, ಚಿಕ್ಕವ್ವನಿಗೆ ಬರುವುದು ಒಂದಾಣೆ, ಅಂದರೆ ಇಡೀ ಮನೆಯ ಹದಿನಾರರಲ್ಲಿ ಒಂದು. 1,350 ಚದರ ಅಡಿಯಲ್ಲಿ ಒಂದಾಣೆ ಅಂದರೆ 84 ಅಡಿ ಚಿಲ್ಲರೆ.

ಇದನ್ನು ಬಾಯಲ್ಲಿ ಹೇಳಿದರೆ ಯಾರ ತಲೆಗೂ ಹೋಗುವುದಿಲ್ಲ, ಬೇಕಾದಷ್ಟು ಸಲ ಹೇಳಿ ನೋಡಿದ್ದೇನೆ. ಪಡಸಾಲಿಯ ಶಹಾಬಾದ್ ಕಲ್ಲಿನ ಮೇಲೆ ಟೇಪು ಹಿಡಿದು, ಸೀಮೆಸುಣ್ಣದಿಂದ ಏಳು ಅಡಿಗೆ ಹನ್ನೆರಡು ಅಡಿಯ ಚೌಕ ಎಳೆದೆ. “ಆಕಿ ಪಾಲು ಭಾಳ ಅಂದ್ರ ಇಷ್ಟ ನೋಡ್ರಿ. ಮೃತ್ಯುಪತ್ರ ಬರದ್ರ ಇದರ ನಾಲ್ಕರಷ್ಟು. ಅದರಾಚೆ ಒಂದ್ ಇಂಚೂ ಇಲ್ಲ.” ಕಿರಿಯ ಮಗ ಚೌಕದ ಸುತ್ತ ಒಂದು ಸುತ್ತು ಬಂದ. ಹಿರಿಯವನು ಕೂಗಾಡುವುದನ್ನು ನಿಲ್ಲಿಸಿದ. ತಂದೆಯವರ ಮುಖ ಮಾತ್ರ ಸಣ್ಣದಾಯಿತು, ಅವರಿಗೂ ತಮ್ಮ ಪಾಲು ಇಷ್ಟೇ ಅಂತ ಅಂದೇ ಗೊತ್ತಾದದ್ದು.

ಇಲ್ಲಿಗೆ ಬಂದಾಗ ಎಲ್ಲರಿಗೂ ಕೂಡಲೇ ಪತ್ರ ಬರೆಸುವ ಆತುರ. ನಾನು ಹಿಂದೆ ಮೂರು ಮನೆ ಕೆಡಿಸಿದ್ದು ಈ ಆತುರದಿಂದಲೇ. ಗದಗ ಕಡೆಯ ಒಂದು ಮನೆಯಲ್ಲಿ, ಗಂಡ ಬದುಕಿರುವಾಗಲೇ ಎರಡನೇ ಹೆಂಡತಿಯಿಂದ ಹಕ್ಕುಬಿಟ್ಟ ಪತ್ರ ಬರೆಸಿಕೊಂಡಿದ್ದೆ. ಇನ್ನೂ ಹುಟ್ಟದ ಹಕ್ಕನ್ನು ಬಿಡುವುದು ಹೇಗೆ? ವಾರಸುದಾರಿಕೆಯ ಬರೀ ನಿರೀಕ್ಷೆಯನ್ನು ವರ್ಗಾಯಿಸಲು ಬರುವುದಿಲ್ಲ ಎಂದು ಆಸ್ತಿ ವರ್ಗಾವಣೆ ಕಾಯ್ದೆಯ 6ನೇ ಕಲಮೇ ಹೇಳುತ್ತದೆ. ಗಂಡ ತೀರಿದ ಮೇಲೆ ಆ ತಾಯಿ ಪಾಲು ಕೇಳಿ ಬಂದಾಗ ನನ್ನ ಪತ್ರ ರದ್ದಿ ಆಯಿತು. ಹಾವೇರಿಯಲ್ಲಿ ಇನ್ನೊಂದು ಪತ್ರಕ್ಕೆ “ಜೀವನಾಂಶದ ಬದಲಿಗೆ ಹಯಾತಿ ಇರೋವರೆಗೆ ಎರಡು ಖೋಲಿ” ಎಂದು ಬರೆದೆ. ಓದಲು ಚೆಂದ. ಆದರೆ ಸುಪ್ರೀಂ ಕೋರ್ಟಿನ 1977ರ ತುಳಸಮ್ಮ ತೀರ್ಪಿನ ಪ್ರಕಾರ ಜೀವನಾಂಶದ ಹಕ್ಕಿಗೆ ಬದಲಾಗಿ ಹೆಣ್ಣುಮಗಳಿಗೆ ಕೊಟ್ಟ ಸೀಮಿತ ಹಕ್ಕು, ಹಿಂದೂ ಉತ್ತರಾಧಿಕಾರ ಕಾಯ್ದೆಯ 14(1)ರ ಕೆಳಗೆ ಪೂರ್ಣ ಮಾಲೀಕತ್ವವಾಗುತ್ತದೆ. ಆ ಎರಡು ಖೋಲಿಯ ಮೇಲೆ ಈಗಲೂ ವ್ಯಾಜ್ಯ ನಡೆದಿದೆ. ಮೂರನೆಯದರಲ್ಲಿ ವಂಶಾವಳಿಯಿಂದ ಮಗಳನ್ನು ಬಿಟ್ಟಿದ್ದರು, ನಾನು ಕಣ್ಣು ಮುಚ್ಚಿ ಬರೆದೆ. ಅದರ ಬಗ್ಗೆ ಹೆಚ್ಚು ಹೇಳುವುದು ಬೇಡ.

ಈ ಸಲ ಮಾಡಿದ್ದು ಉಲ್ಟಾ. ಮಾಲೀಕತ್ವದ ಮಾತೇ ಇಲ್ಲದ ಎರಡು ಹಾಳೆಯ ಖೋಲಿ ಕರಾರು. ಯಾರು ಯಾವ ಖೋಲಿಯಲ್ಲಿ, ಕೀಲಿ ಯಾರ ಕೈಯಲ್ಲಿ, ಯಾವ ಒಲೆ ಯಾರದು, ನೀರು, ಕರೆಂಟು, ಮನೆ ತೆರಿಗೆ, ಇಷ್ಟೇ. ಆರು ತಿಂಗಳು ಹಾಗೇ ಬದುಕಬೇಕು, ತಿಂಗಳ ಮೊದಲ ರವಿವಾರ ಅರ್ಧ ತಾಸು ಕೂಡಬೇಕು, ಆ ಎರಡು ಹಾಳೆಯಲ್ಲಿ ಏನು ಮುರಿಯಿತು ಎಂಬುದರ ಹೊರತು ಬೇರೆ ಮಾತಿಲ್ಲ. ಆರು ತಿಂಗಳು ಯಾಕೆ ಅಂದರೆ ಕಾಗದಕ್ಕೂ ಅಷ್ಟು ಬೇಕು. ತಾಯಿಯ ಮರಣ ದಾಖಲೆ, ನಾಡಕಚೇರಿಯ ವಂಶವೃಕ್ಷ, ಸಿಟಿ ಸರ್ವೆಯಲ್ಲಿ ವಾರ್ಸಾ ವರ್ದಿ (ವಾರಸುದಾರರ ಹೆಸರು ಹಚ್ಚಲು ಅರ್ಜಿ), ಪಾಲಿಕೆಯ ಇ-ಆಸ್ತಿ ದಾಖಲೆ ಎಲ್ಲ ನಾಲ್ವರ ಹೆಸರಿಗೆ ಬಂದ ಮೇಲೆಯೇ ವಾಟ್ನಿ. ಈ ಸರದಿ ತಪ್ಪಿಸಿದರೆ ಉಪನೋಂದಣಿ ಕಚೇರಿಯಿಂದ ವಾಪಸ್ಸು ಬರುತ್ತೀರಿ. ಉತಾರದಲ್ಲಿ ಹೆಸರಿನ ಕೊನೆಗೆ ‘ಅವ್ವ’, ಮರಣ ದಾಖಲೆಯಲ್ಲಿ ‘ಅಮ್ಮ’. ಅದೊಂದಕ್ಕೇ ಪ್ರಮಾಣಪತ್ರ, ಓಡಾಟ ಸೇರಿ ಐದು ವಾರ ಹೋಯಿತು. ಇನ್ನೊಂದು ಗಮನಿಸಿ: ತಾಯಿಯ ವಾರ್ಸಾದಲ್ಲಿ ಎರಡನೇ ಹೆಂಡತಿಯ ಹೆಸರು ಬರುವುದಿಲ್ಲ. “ಮನಿಯಾಕಿ ಅಲ್ಲೇನ್ರಿ” ಎಂದು ಸೇರಿಸುವವರಿದ್ದಾರೆ.

ಕರಾರು ಮೊದಲು ಮುರಿದದ್ದು ನೀರಿನಲ್ಲಿ. ನಮ್ಮೂರಲ್ಲಿ ನೀರು ದಿನಾ ಬರುವ ಓಣಿ ಬೇರೆ, ಬಾರದ ಓಣಿ ಬೇರೆ, ಇದು ಎರಡನೆಯದು. ಸಂಪು ಒಂದು, ಮೋಟಾರಿನ ಸ್ವಿಚ್ಚು ಕಿರಿಯ ಸೊಸೆಯ ಅಡಗಿಮನಿಯಲ್ಲಿ. ಮುಂದಿನವರಿಗೆ ನೀರು ಬೇಕೆಂದರೆ ಆಕೆಯನ್ನು ಕೇಳಬೇಕು. ಸಾವಿರ ಲೀಟರಿನ ಎರಡು ಟಾಕಿ, ಎರಡು ವಾಲ್ವು ಹಾಕಿಸಿ ಸ್ವಿಚ್ಚನ್ನು ಅಂಗಳಕ್ಕೆ ತಂದೆವು. ಒಂದು ಟಾಕಿ ತುಂಬಲು ಇಪ್ಪತ್ತೈದು ನಿಮಿಷದ ಆಸುಪಾಸು. ಖರ್ಚು ಹದಿನೆಂಟೋ ಹತ್ತೊಂಬತ್ತೋ ಸಾವಿರ. ಅರ್ಧ ಜಗಳ ಅಲ್ಲೇ ಮುಗಿಯಿತು ಅಂದರೆ ನಂಬುತ್ತೀರೋ ಇಲ್ಲವೋ.

ಎರಡನೆಯದು ಕರೆಂಟು. ಎರಡು ಒಲೆ, ಒಂದೇ ಮೀಟರು, 200 ಯೂನಿಟ್ ದಾಟಿದ ತಿಂಗಳು ಗೃಹಜ್ಯೋತಿ ಹೋಗಿ ಪೂರ್ತಿ ಬಿಲ್ಲು. ಫ್ರಿಜ್ ಯಾರದು, ಗೀಜರ್ ಯಾರದು ಎಂಬ ಲೆಕ್ಕ ಶುರು. ಒಳಗೊಂದು ಸಬ್‌ಮೀಟರ್ ಕೂರಿಸಿ, ಹೆಸ್ಕಾಂಗೆ ಬೇರೆ ಮೀಟರಿಗೆ ಅರ್ಜಿ ಹಾಕಿಸಿದೆ. ಉಳಿದ ಪಾಲುದಾರರ ಒಪ್ಪಿಗೆ ಸಹಿ ಬೇಕಾಯಿತು. ಹಾಗೆ ನೋಡಿದರೆ ಮೂವರೂ ಕೂಡಿ ಸಹಿ ಮಾಡಿದ ಮೊದಲ ಕಾಗದವೇ ಅದು. ರೇಶನ್ ಕಾರ್ಡು ಒಂದೇ ಇದ್ದುದರಿಂದ ಗೃಹಲಕ್ಷ್ಮಿಯ ಎರಡು ಸಾವಿರ ಅತ್ತೆಗೋ ಸೊಸೆಗೋ ಎಂಬುದೂ ಬಂತು. ಅದನ್ನು ಪಂಚಾಯ್ತಿಗೆ ತರಬೇಡಿ ಎಂದೆ, ಬಂದೇ ಬಂತು.

ಮೂರನೆಯದು ಫೋಟೋ. ಪಡಸಾಲಿಯಲ್ಲಿ ಹಾರ ಹಾಕಿದ ತೀರಿಹೋದ ತಾಯಿಯ ಫೋಟೋ ಒಂದು ದಿನ ಒಳಗಿನ ಖೋಲಿಗೆ ಹೋಗಿತ್ತು. ಸುಣ್ಣ ಹೊಡೆಯಲು ತೆಗೆದದ್ದು ಎಂದು ಆಮೇಲೆ ತಿಳಿಯಿತು, ಆದರೆ ಅಷ್ಟರಲ್ಲಿ ಗದಗದಿಂದ ಮಗಳು ಬಂದು ಕೂತಿದ್ದಳು. “ಫೋಟೋ ಇದ್ದಲ್ಲೇ ಇರತಕ್ಕದ್ದು” ಎಂದು ಕರಾರಿನಲ್ಲಿ ಒಂದು ಸಾಲು ಸೇರಿಸಿದೆ. ನಕ್ಕವರಿದ್ದಾರೆ. ಆಮೇಲೆ ಆ ಮಾತು ಬರಲಿಲ್ಲ.

ಬಂಗಾರವನ್ನು ಮೊದಲೇ ತೂಗಿಸಬೇಕಿತ್ತು, ತಡ ಮಾಡಿದ್ದು ನನ್ನ ತಪ್ಪು. ಮೂಲ ಕಿಡಿ ಅಲ್ಲೇ ಇತ್ತು: ಯಾವುದೋ ಮದುವೆಗೆ ಚಿಕ್ಕವ್ವ ತೀರಿಹೋದ ತಾಯಿಯ ಹಳೆಯ ಪಾಟ್ಲಿ ಬಳೆ ಹಾಕಿಕೊಂಡು ಹೋಗಿದ್ದು. ಸರಾಫರ ಅಂಗಡಿಯಲ್ಲಿ ಎಲ್ಲರೆದುರು ತೂಗಿಸಿದಾಗ ಪಾಟ್ಲಿ ನಾಲ್ಕು ತೊಲಿ, ಬಿಲ್ವಾರ ಎರಡೂವರೆ, ಬೋರಮಾಳ ಸರ ಎರಡು. ಬಂಗಾರಕ್ಕೂ ಅದೇ 15ನೇ ಕಲಮು, ಅದೇ ನಾಲ್ಕು ಪಾಲು. ಮಗಳಿಗೆ ಬೇಕಿದ್ದದ್ದು ಮನೆಯಲ್ಲ, ಪಾಟ್ಲಿ. ಇದು ಗೊತ್ತಾಗಲು ನನಗೆ ನಾಲ್ಕು ತಿಂಗಳು ಬೇಕಾಯಿತು.

ಬೆಲೆ ಕಟ್ಟುವಾಗ ಒಂದು ಪ್ರಯೋಗ ಮಾಡಿದೆ. ಇಂಜಿನಿಯರ್ ಹೇಳಿದ ದರ ಯಾರೂ ಒಪ್ಪಲಿಲ್ಲ. ಮೂವರು ಮಕ್ಕಳಿಗೆ ಚೀಟಿ ಕೊಟ್ಟು, “ಪೂರ್ತಿ ಮನಿ ನೀವ ತಗೊಳ್ಳೋದಾದ್ರ ಎಷ್ಟು ಕೊಡ್ತೀರಿ ಬರೀರಿ” ಎಂದೆ. ಹಿರಿಯ 55, ಕಿರಿಯ 61, ಮಗಳು 76 ಲಕ್ಷ. ಅಣ್ಣತಮ್ಮಂದಿರು ಆಕೆಯ ಚೀಟಿ ನೋಡಿ ಮಾತಾಡಲಿಲ್ಲ. ಸರಾಸರಿ 64, ಅದೇ ಇರಲಿ ಅಂತ ಆಯಿತು. ಹಿರಿಯ ಪಾಲು ಮಾಡಬೇಕು, ಕಿರಿಯ ಆರಿಸಬೇಕು ಎಂಬ ಹಳೆಯ ಪದ್ಧತಿಯಂತೆ ಹಿಂದಿನ ಭಾಗವೋ ಮುಂದಿನದೋ ಆರಿಸಲು ಹಚ್ಚಿಯೂ ನೋಡಿದೆ. ಇಲ್ಲಿ ಹಿಡಿಸಲಿಲ್ಲ. ಹಿಂದಿನ ಭಾಗದಲ್ಲಿ ಕಿರಿಯವನ ಸಂಸಾರ ಆಗಲೇ ಬೇರೂರಿತ್ತು.

ಲೆಕ್ಕ ಕೂತದ್ದು ಹೀಗೆ. ಹಿಸ್ಸೆಗೆ ಹದಿನಾರು ಲಕ್ಷ. ಮನೆ ಇಬ್ಬರು ಗಂಡುಮಕ್ಕಳಿಗೆ, ಮುಂದಿನದು ಹಿರಿಯನಿಗೆ, ಹಿಂದಿನದು ಕಿರಿಯನಿಗೆ. ಮಗಳು ಪಾಟ್ಲಿ ಇಟ್ಟುಕೊಂಡು ಮೂರು ಬಿಟ್ಟಳು, ಹದಿಮೂರು ತಗೊಂಡಳು. ತಂದೆಯ ಹದಿನಾರರಲ್ಲಿ ಒಂಬತ್ತು ದುಡ್ಡು. ಉಳಿದದ್ದಕ್ಕೆ ಮುಂದಿನ ಎರಡು ಖೋಲಿಯಲ್ಲಿ ಗಂಡ-ಹೆಂಡತಿಯ ವಾಸ. ಒಟ್ಟು ಇಪ್ಪತ್ತೆರಡು ಲಕ್ಷ ಹೊರಗೆ ಬರಬೇಕು. ಮುಂದಿನ ಭಾಗದಲ್ಲಿ ತಂದೆ ಇರುವುದರಿಂದ ಹಿರಿಯವನು ಒಂಬತ್ತು, ಕಿರಿಯವನು ಹದಿಮೂರು. ಇಪ್ಪತ್ತು ಸಾವಿರದ ಮೇಲೆ ನಗದು ಮುಟ್ಟಬೇಡಿ ಎಂದು ಕೈಮುಗಿದು ಹೇಳಿದೆ. ಎಲ್ಲ ಬ್ಯಾಂಕಿನಿಂದ ಬ್ಯಾಂಕಿಗೆ, ವರ್ಗಾವಣೆಯ ನಂಬರು ಪತ್ರದೊಳಗೆ. ಹಣ ಜಮಾ ಆದ ಸಂದೇಶ ಮಗಳ ಮೊಬೈಲಿಗೆ ಬಂದ ಮೇಲೆಯೇ ಹೆಬ್ಬೆಟ್ಟು. ಹಣ ಪಡೆದು ಹಿಸ್ಸೆ ಬಿಟ್ಟವರು ತೆರಿಗೆಯ ಲೆಕ್ಕವನ್ನು ಮೊದಲೇ ಕೇಳಿಕೊಳ್ಳಲಿ, ಅದು ನನ್ನ ಕೆಲಸವಲ್ಲ.

ತಂದೆಯ ಒಂಬತ್ತು ಲಕ್ಷ ಅಂಚೆ ಕಚೇರಿಯ ಹಿರಿಯ ನಾಗರಿಕರ ಯೋಜನೆಗೆ ಹೋಯಿತು, ಹೆಂಡತಿಯ ಜಂಟಿ ಹೆಸರಿನಲ್ಲಿ. ಆಗಿನ ದರ ಶೇ 8.2, ಮೂರು ತಿಂಗಳಿಗೆ ₹18,450. ಜಂಟಿ ಹೆಸರು, ನಾಮಿನಿ ಇದ್ದರೆ ಸಾಕು ಅಂದುಕೊಳ್ಳುವವರೇ ಹೆಚ್ಚು. ನಾಮಿನಿ ದುಡ್ಡು ಕೈಗೆ ತಗೊಳ್ಳುವವನು ಮಾತ್ರ, ಮಾಲೀಕನಲ್ಲ. ನಾಳೆ ಮಕ್ಕಳು ಮುಕ್ಕಾಲು ಕೇಳಬಹುದು. ಹಾಗಾಗಿ ಆ ದುಡ್ಡಿಗೆ ಮಾತ್ರ ತಂದೆಯಿಂದ ಹೆಂಡತಿಯ ಹೆಸರಿಗೆ ಒಂದು ಮೃತ್ಯುಪತ್ರ. ಇಬ್ಬರು ಸಾಕ್ಷಿ, ಡಾಕ್ಟರ ಚೀಟಿ, ನೋಂದಣಿ. ಚಿಕ್ಕವ್ವ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದ್ದು ಅಂದು: “ಅಣ್ಣಾರ, ನನಗ ಮನಿ ಬ್ಯಾಡ್ರಿ, ನಾಳೆ ಹೊರಗ ಹಾಕದಿದ್ರ ಸಾಕು.”

ಆ ಮಾತಿಗೇ ಪತ್ರದ ಕಲಮು. ಜೀವನಾಂಶ ಎಂಬ ಶಬ್ದ ಖೋಲಿಯ ಹತ್ತಿರ ಸುಳಿಯಬಾರದು; ಜೀವನಾಂಶ ದುಡ್ಡಿನಲ್ಲಿ ಮುಗಿದಿದೆ ಎಂದು ಬೇರೆ ಕಲಮು. ಖೋಲಿಯಲ್ಲಿ ವಾಸಕ್ಕೆ ಅನುಮತಿ ಮಾತ್ರ. ಬಾಡಿಗೆಗೆ ಕೊಡುವಂತಿಲ್ಲ, ಒತ್ತೆ ಇಡುವಂತಿಲ್ಲ, ಆಕೆಯ ಮಗ ಬಂದುಹೋಗಬಹುದು. ತಂದೆಯ ನಂತರ ಆಕೆ ಅಲ್ಲಿರುವ ಬಗ್ಗೆ ಮೂರು ಸಾಲು ಬರೆದೆ, ಆ ಮೂರು ಸಾಲು ನನ್ನ ಹತ್ತಿರವೇ ಇರಲಿ. ತಂದೆಯನ್ನು ನೋಡಿಕೊಳ್ಳುವ ಷರತ್ತನ್ನು ಪತ್ರದೊಳಗೇ ಬಿಡಿಸಿ ಬರೆಯಬೇಕು, ಇಲ್ಲದಿದ್ದರೆ, ನೋಡಿಕೊಳ್ಳದವರಿಗೆ ಬರೆದುಕೊಟ್ಟ ಆಸ್ತಿಯ ಪತ್ರ ರದ್ದು ಮಾಡಿಸುವ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮು ಕೈಕೊಡುತ್ತದೆ. ಅದೇ ಕಾಯ್ದೆಯಲ್ಲಿ ‘ಪಾಲಕರು’ ಅಂದರೆ ಮಲತಾಯಿಯೂ ಸೇರುತ್ತಾಳೆ ಎಂದು ಗಂಡುಮಕ್ಕಳಿಗೆ ಓದಿ ಹೇಳಿದ್ದು ಕೆಲಸಕ್ಕೆ ಬಂತು.

ಈ ಷರತ್ತು ನೋಡಿ ಒಂದು ಬ್ಯಾಂಕು ಕಿರಿಯವನ ಸಾಲ ತಡೆಯಿತು. ನನ್ನ ಮೊದಲ ಕರಡಿನಲ್ಲಿ ಷರತ್ತು ಇಡೀ ಮನೆಗೆ ಅಂಟಿತ್ತು. ಮುಂದಿನ ಭಾಗಕ್ಕೆ ಮಾತ್ರ ಸೀಮಿತ ಮಾಡಿ ತಿದ್ದಿದ ಮೇಲೆ ಸಾಲ ಬಂತು, ಒಂದೂವರೆ ತಿಂಗಳು ತಡ.

ಕುಟುಂಬದ ವಾಟ್ನಿಗೆ ಮುದ್ರಾಂಕ ಶುಲ್ಕ ಹಿಸ್ಸೆಗೆ ಇಷ್ಟು ಎಂದು ನಿಗದಿ, ಖರೀದಿಯ ಹಾಗೆ ಬೆಲೆಯ ಮೇಲೆ ಶೇಕಡಾವಾರು ಅಲ್ಲ. ಸರ್ವೆ, ಟಾಕಿ, ಮೀಟರು, ಬರವಣಿಗೆ, ಓಡಾಟ ಎಲ್ಲ ಕೂಡಿ ಒಂದು ಲಕ್ಷದ ಒಳಗೇ ಆಯಿತು ಅಂತ ನೆನಪು. ಕೋರ್ಟಿನಲ್ಲಿ ಕೂಡು ಕಬ್ಜಾ (ಜಂಟಿ ಸ್ವಾಧೀನ) ಇದ್ದವರಿಗೆ ಪಾಲಿನ ದಾವೆಯ ಶುಲ್ಕ ಬರೀ ₹200 ಎಂದು ವಕೀಲರು ಆಸೆ ಹಚ್ಚಿದ್ದರು. ಶುಲ್ಕ ಖರೆ. ಆಮೇಲೆ ಪ್ರಾಥಮಿಕ ಡಿಕ್ರಿ, ಕಮಿಷನರ್, ಅಂತಿಮ ಡಿಕ್ರಿ; ಆ ಹೊತ್ತಿಗೆ ತಂದೆ ಇರುತ್ತಾರೋ ಇಲ್ಲವೋ. ತಂದೆಯವರನ್ನು ಒಪ್ಪಿಸಿದ್ದು ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ಅದನ್ನೂ ಹೇಳುವುದಿಲ್ಲ, ಅಂಗಳದಲ್ಲಿ ಇಬ್ಬರೇ ಕೂತು ಆಡಿದ ಮಾತು.

ಪತ್ರದಲ್ಲಿ ಒಂದು ಬಿಟ್ಟುಹೋಗಿತ್ತು. ಮೊದಲ ಮಳೆಗೆ ಅಂಗಳದ ನೀರು ಯಾರ ಕಡೆ ಹರಿಯಬೇಕು ಎಂದು ಅಣ್ಣತಮ್ಮಂದಿರು ಮತ್ತೆ ನನ್ನ ಮೇಜಿಗೆ ಬಂದರು. ನಾಲ್ಕು ಇಂಚಿನ ಪೈಪು ನಡುಗೋಡೆಗುಂಟ ಒಯ್ದು ಬೀದಿಯ ಗಟಾರಕ್ಕೆ ಬಿಡಿಸಿದೆವು, ಮೂರು ಸಾವಿರ ಚಿಲ್ಲರೆ, ಅರ್ಧರ್ಧ. ಈಗ ಬರೆಯುವ ಪತ್ರಗಳಲ್ಲಿ ಚೆಕ್ಕುಬಂದಿಯ ಕೆಳಗೆ ನಡುಗೋಡೆ, ಗಟಾರ, ಮಳೆನೀರು ಎಂದು ಮೂರು ಸಾಲು ಹೆಚ್ಚು ಇರುತ್ತವೆ.