ಹದಿನಾರು ಮನೆ, ಐವತ್ತು ರೂಪಾಯಿ: ಸೋಲಾರ್ ರಿಯಾಯಿತಿ ಬಿಲ್ಲಿಗೆ ಬಂದ ಕಥೆ

ನಾನು ಬಿಸಿನೀರಿನ ಸೋಲಾರ್ ಕೂರಿಸಿದ ಫ್ಲಾಟಿನವರ 2023ರ ಡಿಸೆಂಬರ್ ಕರೆಂಟ್ ಬಿಲ್ಲಿನಲ್ಲಿ ಹೊಸತೊಂದು ಸಾಲು ಕಾಣಿಸಿತು. ಸೋಲಾರ್ ರಿಯಾಯಿತಿ, ಮೈನಸ್ 50. ಮೂರನೇ ಮಾಳಿಗೆಯ ಮೇಷ್ಟ್ರು ಅದರ ಫೋಟೋ ತೆಗೆದು ನನಗೆ ಕಳಿಸಿ, ಕೆಳಗೆ ಒಂದೇ ಶಬ್ದ ಬರೆದರು: "ಬಂತು." ವರ್ಷದ ಹಿಂದೆ ಅಸೋಸಿಯೇಶನ್ ಮೀಟಿಂಗಿನಲ್ಲಿ "ಅದೆಲ್ಲ ಬರುದಿಲ್ಲ ಮಾರಾಯ್ರೆ, ಬಂದರೂ ನಿಮ್ಮ ಪೆಟ್ರೋಲಿಗೆ ಸಾಲುದಿಲ್ಲ" ಎಂದವರು ಇದೇ ಮೇಷ್ಟ್ರು. ಪೆಟ್ರೋಲಿನ ಮಾತು ಸುಳ್ಳಾಗಲಿಲ್ಲ, ಅದನ್ನು ಆಮೇಲೆ ಹೇಳುತ್ತೇನೆ.

ಉಡುಪಿ ಸುತ್ತಮುತ್ತ ವಯರಿಂಗ್, ಪ್ಲಂಬಿಂಗ್, ಸೋಲಾರ್ ಕೆಲಸ ಮಾಡುತ್ತ ನನಗೆ ಇಪ್ಪತ್ತು ವರ್ಷ ದಾಟಿತು. ಬಿಸಿನೀರಿನ ಸೋಲಾರ್ ಇಟ್ಟ ಬಿಡಿ ಮನೆಗಳಿಗೆ, ಕರೆಂಟ್ ಕಂಪನಿ ಮೆಸ್ಕಾಂ ಬಿಲ್ಲಿನಲ್ಲಿ ಕೊಡುವ ರಿಯಾಯಿತಿ ಮಾಡಿಸಿಕೊಟ್ಟದ್ದು ಲೆಕ್ಕವಿಲ್ಲ. ಯೂನಿಟ್ಟಿಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ. ಆದರೆ ಫ್ಲಾಟಿನವರಿಗೆ ಸಿಗುವುದಿಲ್ಲ ಎಂಬ ಮಾತು ನಮ್ಮ ಲೈನಿನಲ್ಲಿ ಗಟ್ಟಿಯಾಗಿ ಕೂತಿದೆ. ಸಿಗುತ್ತದೆ. ತಾರಸಿಯಲ್ಲಿ ಎಲ್ಲರಿಗೂ ಸೇರಿ ಒಂದೇ ದೊಡ್ಡ ಸಿಸ್ಟಮ್ ಇದ್ದರೂ ಪ್ರತಿ ಮೀಟರಿಗೆ ಬೇರೆ ಬೇರೆಯಾಗಿ ಸಿಗುತ್ತದೆ. ಷರತ್ತು ಒಂದೇ, ಮನೆಯೊಂದಕ್ಕೆ ಕನಿಷ್ಠ 100 ಲೀಟರ್ ಇರಬೇಕು. ನಾನು ಬಿದ್ದದ್ದು ಆ "ಕನಿಷ್ಠ"ದಲ್ಲಿ.

ಕಟ್ಟಡ ಕುಂಜಿಬೆಟ್ಟಿನಲ್ಲಿ. ಕೆಳಗೆ ಒಂದು ಹೋಟೆಲು, ಎರಡು ಅಂಗಡಿ. ಮೇಲೆ ನಾಲ್ಕು ಮಾಳಿಗೆ, ಮಾಳಿಗೆಗೆ ನಾಲ್ಕರಂತೆ ಹದಿನಾರು ಫ್ಲಾಟು. 2023ರ ಫೆಬ್ರವರಿಯಲ್ಲಿ ಕೆಲಸ ಹಿಡಿದೆ. 1,600 ಲೀಟರ್ ಬೇಕಿತ್ತು. ಡೀಲರ ಹತ್ತಿರ ಐನೂರರ ಮೂರು ಸೆಟ್ ತಯಾರಿತ್ತು, ರೇಟೂ ಒಳ್ಳೆಯದಿತ್ತು. ಸಾವಿರದೈನೂರು, ಸಾವಿರದಾರುನೂರು, ಎಂತ ವ್ಯತ್ಯಾಸ ಅಂದುಕೊಂಡೆ. ಇಪ್ಪತ್ತೆರಡು ಸಾವಿರ ಉಳಿಸಿಕೊಟ್ಟೆನೆಂದು ಕಮಿಟಿಯವರ ಎದುರು ಬೀಗಿದ್ದೂ ಉಂಟು. ಟ್ಯಾಂಕು, ನೀರು ಕಾಯುವ ಗಾಜಿನ ಟ್ಯೂಬು, ಸ್ಟ್ಯಾಂಡು, ಹೊರಗೋಡೆಯಲ್ಲಿ ಇಳಿಸಿದ ಬಿಸಿನೀರಿನ ಪೈಪು, ಅದರ ಮೇಲಿನ ಇನ್ಸುಲೇಶನ್ ಎಲ್ಲ ಸೇರಿ ಹತ್ತಿರ ಹತ್ತಿರ ನಾಲ್ಕು ಲಕ್ಷ, ಮನೆಗೆ ಇಪ್ಪತ್ತೈದು ಸಾವಿರ.

ಏಪ್ರಿಲಿನಲ್ಲಿ ಅರ್ಜಿ ಕೊಟ್ಟೆವು. ಪರಿಶೀಲನೆಗೆ ಬಂದ ಎಂಜಿನಿಯರು ಯುವಕ. ತಾರಸಿಗೆ ಹತ್ತಿ, ಮೂರೂ ಟ್ಯಾಂಕಿನ ನೇಮ್‌ಪ್ಲೇಟಿನ ಫೋಟೋ ತೆಗೆದು, ಮೊಬೈಲಿನಲ್ಲೇ ಭಾಗಿಸಿ ನನಗೆ ತೋರಿಸಿದರು. 93.75.

"ಸರ್, ನಾಲ್ಕನೇ ಮಾಳಿಗೆಯ ಒಂದು ಮನೆ ಬೀಗ ಹಾಕಿಯೇ ಉಂಟು, ಓನರು ದುಬೈಯಲ್ಲಿ. ಹದಿನೈದಕ್ಕೆ ಸಾವಿರದೈನೂರು ಸರಿಯಾಗ್ತದೆ" ಎಂದೆ.

"ಆರ್‌ಆರ್ ನಂಬರ್ ಎಷ್ಟು ಕೊಟ್ಟಿದ್ದೀರಿ?"

"ಹದಿನಾರು."

"ಮತ್ತೆ?"

ಆರ್‌ಆರ್ ನಂಬರ್ ಎಂದರೆ ಒಂದೊಂದು ಕನೆಕ್ಷನ್ನಿನ ನಂಬರ್, ಹದಿನಾರು ಕೊಟ್ಟ ಮೇಲೆ ಅವರದ್ದು ತಪ್ಪಲ್ಲ. ಹದಿನಾರಕ್ಕೆ ಹದಿನಾರೂ ಅಲ್ಲೇ ನಿಂತಿತು. ಮೇಷ್ಟ್ರು ಅಂದು ಸಂಜೆ ಮೆಟ್ಟಿಲಲ್ಲಿ ಸಿಕ್ಕಿ ಏನೂ ಹೇಳಲಿಲ್ಲ, ನಕ್ಕರು ಅಷ್ಟೆ.

ಮೇ ತಿಂಗಳಲ್ಲಿ ಅದಕ್ಕಿಂತ ದೊಡ್ಡ ಪೆಟ್ಟು ಬಿತ್ತು. ಉಡುಪಿಗೆ ನೀರು ಕೊಡುವ ಬಜೆ ಅಣೆಕಟ್ಟಿನಲ್ಲಿ ನೀರು ಇಳಿದರೆ ನಮ್ಮ ಊರಿನ ನಳ್ಳಿಗಳೂ ಒಣಗುತ್ತವೆ. ಮೇಲಿನ ತಣ್ಣೀರ ಟ್ಯಾಂಕ್ ಖಾಲಿಯಾಯಿತು, ಅದರ ಹಿಂದೆ ಸೋಲಾರ್ ಟ್ಯಾಂಕೂ ಇಳಿಯಿತು, ಮೇಲಿನ ಸಾಲಿನ ಟ್ಯೂಬುಗಳು ಒಣಗಿ ಬಿಸಿಲಲ್ಲಿ ಕೂತವು. ಮಧ್ಯಾಹ್ನ ಒಂದು ಗಂಟೆಗೆ ಟ್ಯಾಂಕರ್ ಬಂತು, ವಾಚ್‌ಮ್ಯಾನ್ ಖುಷಿಯಲ್ಲಿ ಪಂಪ್ ಹಾಕಿದ. ನಾನು ಆಗ ಕೆಳಗೆ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದೆ. ಮೇಲೆ ಮಾಲೆ ಪಟಾಕಿ ಹಚ್ಚಿದಂತೆ ಕೇಳಿಸಿತು. ಕೈ ತೊಳೆಯದೆ ಓಡಿದೆ. ಕಾದ ಗಾಜಿಗೆ ತಣ್ಣೀರು ಬಿದ್ದು ಹನ್ನೊಂದು ಟ್ಯೂಬ್ ಒಡೆದು ಹೋಗಿತ್ತು. ತುಂಡಾದ ಬಾಯಿಂದ ನೀರು ಬೆಳ್ಳಿ ಬಣ್ಣದ ಗಾಜಿನ ಚೂರುಗಳನ್ನು ತೇಲಿಸಿಕೊಂಡು ಮಳೆನೀರಿನ ಕೊಳವೆಯತ್ತ ಹೋಗುತ್ತಿತ್ತು. ಟ್ಯೂಬಿಗೆ ಮುನ್ನೂರೈವತ್ತರಂತೆ ಕೈಯಿಂದ ಹಾಕಿದೆ. ಅಂದಿನಿಂದ ನನ್ನ ಯಾವ ಸಿಸ್ಟಮಿನಲ್ಲೂ ತಣ್ಣೀರ ಟ್ಯಾಂಕಿನ ತಳದಿಂದ ಸೋಲಾರಿಗೆ ಲೈನ್, ಮನೆಗಳಿಗೆ ಅದಕ್ಕಿಂತ ಒಂದಡಿ ಮೇಲಿನಿಂದ. ಮನೆಯ ನಳ್ಳಿ ಮೊದಲು ನಿಲ್ಲಬೇಕು, ಸೋಲಾರಿನ ನೀರು ಆಮೇಲೆ. ವಾಚ್‌ಮ್ಯಾನಿಗೆ ಒಂದೇ ಆರ್ಡರ್: ಟ್ಯೂಬು ಒಣಗಿದ ದಿನ ಸೂರ್ಯ ಮುಳುಗಿದ ಮೇಲೆಯೇ ನೀರು.

ಜೂನ್‌ನಿಂದ ಸೆಪ್ಟೆಂಬರ್ ತನಕ ತಾರಸಿಯಲ್ಲಿ ಕೆಲಸ ಮಾಡುವ ಪ್ರಶ್ನೆಯೇ ಇಲ್ಲ. ಆ ನಡುವೆ ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಬಂತು, ಇನ್ನೂರು ಯೂನಿಟ್ ದಾಟದವರಿಗೆ ಆಗಸ್ಟಿನಿಂದ ಶೂನ್ಯ ಬಿಲ್. ನನ್ನ ಲೆಕ್ಕವೆಲ್ಲ ತಲೆಕೆಳಗು. ಮೀಟಿಂಗಿನಲ್ಲಿ ಹದಿನಾರು ಇಂಟು ಐವತ್ತು ಇಂಟು ಹನ್ನೆರಡು, ವರ್ಷಕ್ಕೆ 9,600 ಎಂದು ಬೋರ್ಡಿನಲ್ಲಿ ಬರೆದವನು ನಾನು. ಈಗ ಒಂಬತ್ತು ಮನೆಗೆ ಕೊಡುವ ಬಿಲ್ಲೇ ಇಲ್ಲ, ಎಂತದರಿಂದ ಕಳೆಯುವುದು? ಉಳಿದದ್ದು ಏಳು. ಅದರಲ್ಲೂ ನೂರು ಯೂನಿಟ್ ಉರಿಸಿದರೆ ಮಾತ್ರ ಪೂರ್ತಿ ಐವತ್ತು. ಎಂಬತ್ತು ಉರಿಸಿದವನಿಗೆ ನಲವತ್ತೇ. ಉಳಿತಾಯ ಮಾಡಿದಷ್ಟೂ ರಿಯಾಯಿತಿ ಇಳಿಯುವ ಲೆಕ್ಕ ಇದು, ಯಾರ ತಲೆಗೆ ಹೊಳೆಯಿತೋ.

"ಇನ್ನು ಬಿಡಿ" ಎಂದರು ಕಮಿಟಿಯವರು. ನನಗೆ ಛಲ. ಅಕ್ಟೋಬರಿನಲ್ಲಿ ಮಳೆ ಬಿಟ್ಟ ಕೂಡಲೇ 200 ಲೀಟರಿನ ಒಂದು ಸೆಟ್ ತಂದು ಸೇರಿಸಿದೆ. ಒಟ್ಟು 1,700. ಸೆಟ್ಟು, ಪೈಪು, ಮೇಲೆ ಎಳೆಸಿದ ಕೂಲಿ ಸೇರಿ ನಲವತ್ತು ಸಾವಿರದ ಹತ್ತಿರ ಹತ್ತಿರ. ತಪ್ಪು ನನ್ನದಾದ್ದರಿಂದ ಅರ್ಧ ನಾನೇ ಹಾಕಿದೆ. ಈ ಸಲ ಕಾಗದವನ್ನು ಅವಸರ ಮಾಡಲಿಲ್ಲ. ಹದಿನಾರು ಮನೆಯ ಹಿಂದಿನ ತಿಂಗಳ ಬಿಲ್ಲಿನ ಪ್ರತಿ, ಯಾರ ಹೆಸರಲ್ಲಿ ಮೀಟರ್ ಉಂಟೋ ಅದೇ ಹೆಸರಿನ ಸಹಿ, ಖರೀದಿ ಬಿಲ್ಲು, ಸಂಖ್ಯೆ ಓದಿ ಬರುವ ನೇಮ್‌ಪ್ಲೇಟಿನ ಫೋಟೋ, ಅಸೋಸಿಯೇಶನ್ ನಿರ್ಣಯ. ಮೂರು ಮೀಟರು ಇನ್ನೂ ಬಿಲ್ಡರ್ ಹೆಸರಿನಲ್ಲೇ ಇತ್ತು, ಅದನ್ನು ಬದಲಿಸಲಿಕ್ಕೇ ಒಂದು ವಾರ ಓಡಾಡಿದೆ. ಮೇಷ್ಟ್ರು ಹೇಳಿದ ಪೆಟ್ರೋಲು ಖರ್ಚಾದದ್ದು ಇಲ್ಲಿ.

ನಿಜವಾದ ದುಡ್ಡು ರಿಯಾಯಿತಿಯಲ್ಲಿ ಇರಲಿಲ್ಲ. ನೂರು ಲೀಟರನ್ನು 27ರಿಂದ 57 ಡಿಗ್ರಿಗೆ ಏರಿಸಲಿಕ್ಕೆ ಮೂರೂವರೆ ಯೂನಿಟ್ ಬೇಕು. ನಮ್ಮವರು ಅಷ್ಟೂ ಸುರಿದುಕೊಳ್ಳುವುದಿಲ್ಲ, ಗೀಸರ್ ಬಿಟ್ಟ ಮೇಲೆ ಮನೆಗೆ ತಿಂಗಳಿಗೆ ಅರುವತ್ತು, ಅರುವತ್ತೈದು ಯೂನಿಟ್ ಇಳಿಯಿತು. ಆಗ ನೂರು ದಾಟಿದರೆ ಅಷ್ಟೂ ಯೂನಿಟ್ಟಿಗೆ 7 ರೂಪಾಯಿಯ ದರ. ಅದಕ್ಕಿಂತ ಮಜಾ ಎಂದರೆ ಒಂದನೇ ಮಾಳಿಗೆಯ ಎರಡು ಮನೆ. ಗೃಹಜ್ಯೋತಿಗೆ ಲೆಕ್ಕ ಹಿಡಿದ ಅವರ 2022-23ರ ಸರಾಸರಿ 180ರ ಆಸುಪಾಸು, ಆಗಿನ ನಿಯಮದಂತೆ ಹತ್ತು ಶೇಕಡಾ ಸೇರಿಸಿದರೂ ಇನ್ನೂರರ ಒಳಗೆ, ಅಷ್ಟರ ತನಕ ಉಚಿತ. ಆಮೇಲೆ ಎಸಿ ಹಾಕಿಸಿ ಇನ್ನೂರು ದಾಟುತ್ತಿದ್ದರು, ಪೂರ್ತಿ ಬಿಲ್ ಕಟ್ಟುತ್ತಿದ್ದರು. ಗೀಸರ್ ಆಫ್ ಆದದ್ದೇ ಅವರ ಬಿಲ್ಲು ಸಾವಿರದೈನೂರರ ಮೇಲಿನಿಂದ ಸೊನ್ನೆಗೆ ಬಂತು. ಆ ಮನೆಯ ಅಕ್ಕ ನನಗೆ ಒಂದು ಡಬ್ಬಿ ಪತ್ರೊಡೆ ಕೊಟ್ಟರು. ರಿಯಾಯಿತಿಗಾಗಿ ಯಾರೂ ಏನೂ ಕೊಟ್ಟಿಲ್ಲ.

ಆದರೆ ಒಂದನೇ ಮಾಳಿಗೆಯವರೇ ಮೊದಲು ಹೆಚ್ಚು ಬೈದದ್ದು. ತಾರಸಿಯಿಂದ ಅಲ್ಲಿಗೆ ಬಿಸಿನೀರು ಇಳಿಯುವುದರೊಳಗೆ ಒಂದೂವರೆ ಕೊಡಪಾನ ತಣ್ಣೀರು ಹೋಗುತ್ತಿತ್ತು. ಪೈಪಿನಲ್ಲಿ ತಣಿದ ನೀರನ್ನು ಟ್ಯಾಂಕಿಗೆ ವಾಪಸು ಕಳಿಸುವ ರಿಟರ್ನ್ ಲೈನ್ ಎಳೆದು ಚಿಕ್ಕ ಪಂಪ್ ಕೂರಿಸಿದೆ. ಹಗಲೂ ರಾತ್ರಿ ಓಡಲಿ ಎಂದು ಬಿಟ್ಟದ್ದು ನನ್ನ ಮೂರನೇ ದಡ್ಡತನ. ಬೆಳಿಗ್ಗೆ ನೋಡಿದರೆ ಟ್ಯಾಂಕೇ ಉಗುರು ಬೆಚ್ಚಗೆ, ಹಗಲು ಕಾದದ್ದೆಲ್ಲ ರಾತ್ರಿ ಪೈಪಿನಲ್ಲಿ ಸುತ್ತಿ ಸುತ್ತಿ ಗಾಳಿಗೆ ಹೋಗಿತ್ತು. ಆಮೇಲೆ ಬೆಳಿಗ್ಗೆ ಐದರಿಂದ ಎಂಟಕ್ಕೆ ಟೈಮರ್, ಜೊತೆಗೆ ಪೈಪು ಕಾದರೆ ಪಂಪ್ ನಿಲ್ಲಿಸುವ ಥರ್ಮೋಸ್ಟಾಟ್. ಸೆನ್ಸರ್ ಪೈಪಿನ ಯಾವ ಜಾಗದಲ್ಲಿ ಕಟ್ಟಿದ್ದೇನೆ ಎಂದು ಕೇಳಬೇಡಿ, ಅದನ್ನು ಹುಡುಕಲಿಕ್ಕೆ ನನಗೆ ಎರಡು ತಿಂಗಳು ಹಿಡಿದಿದೆ. ಹಾಗೆಯೇ ಉಪ್ಪು ಗಾಳಿಗೆ ಸ್ಟ್ಯಾಂಡ್ ತುಕ್ಕು ಹಿಡಿಯದಂತೆ ಬಳಿಯುವ ಪೇಂಟು. ಮಲ್ಪೆಯಲ್ಲಿ ಬೋಟ್ ರಿಪೇರಿಯವರಿಂದ ಕಲಿತದ್ದು, ಅಷ್ಟು ಹೇಳಬಲ್ಲೆ.

ಪರೀಕ್ಷೆ ಆದದ್ದು ದೀಪಾವಳಿಗೆ. ನೀರು ತುಂಬುವ ಹಬ್ಬದ ಸಂಜೆ ನಾನು ಟೆಂಪರೇಚರ್ ನೋಡಲಿಕ್ಕೆ ತಾರಸಿಗೆ ಹೋದರೆ, ಎರಡನೇ ಮಾಳಿಗೆಯ ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ನನಗಿಂತ ಮೊದಲೇ ಬಂದಿದ್ದರು. ಮೂಲೆಯ ಟ್ಯಾಂಕಿಗೆ ಸೇಡಿಯಲ್ಲಿ ಅಡ್ಡಗೆರೆ ಎಳೆದು ಚೆಂಡುಹೂವಿನ ಮಾಲೆ ಕಟ್ಟುತ್ತಿದ್ದರು. "ಹಂಡೆ ಇಲ್ಲದ ಮನೆಗೆ ಇದೇ ಅಲ್ವನಾ ಹಂಡೆ" ಎಂದರು. ಮೀಟರು 62 ಡಿಗ್ರಿ ತೋರಿಸುತ್ತಿತ್ತು. ಮರುದಿನ ನಾಲ್ಕೂವರೆಯಿಂದ ಎಣ್ಣೆ ಹಚ್ಚಿಕೊಂಡ ಹದಿನೈದು ಮನೆಯವರು ಒಟ್ಟಿಗೆ ನಳ್ಳಿ ತಿರುಗಿಸಿದರು. ಏಳು ಗಂಟೆಗೆ ನೋಡಿದಾಗ 44. ಒಂದೇ ಒಂದು ಫೋನ್ ಬರಲಿಲ್ಲ.

ನಡುವೆ ಬೇರೆ ಕೈಚಳಕವನ್ನೂ ಮಾಡಿ ನೋಡಿದೆ. ಮೆಟ್ಟಿಲಿನ ಟ್ಯೂಬ್‌ಲೈಟ್ ತೆಗೆದು ಸೆನ್ಸರ್ ಇರುವ 9 ವಾಟ್ ಎಲ್‌ಇಡಿ ಹಾಕಿದರೆ, ರಾತ್ರಿಯಿಡೀ ಹೊತ್ತಿ ಆರಿ ಹೊತ್ತಿ ಆರಿ. ವಾಚ್‌ಮ್ಯಾನ್ ಹೆದರಿ ಕೆಳಗೆ ಮಲಗಲಿಕ್ಕೆ ಒಪ್ಪಲಿಲ್ಲ. ಕೂತು ನೋಡಿದರೆ ಹಲ್ಲಿ, ಸೆನ್ಸರಿನ ಗುಬುಟಿನ ಮೇಲೆಯೇ ಬೇಟೆ. ಕಟ್ಟಡದ 5 ಎಚ್‌ಪಿ ಪಂಪಿಗೆ, ಮೋಟಾರು ಸುಮ್ಮನೆ ಎಳೆಯುವ ಕರೆಂಟನ್ನು ಇಳಿಸುವ ಕೆಪಾಸಿಟರ್ ಕೂರಿಸಿ ಕ್ಲ್ಯಾಂಪ್ ಮೀಟರ್ ಹಿಡಿದೆ, ಏಳೂವರೆ ಇದ್ದ ಆಂಪಿಯರ್ ಆರಕ್ಕೆ ಬಂತು. ಕಮಿಟಿಯವರು ಚಪ್ಪಾಳೆ ತಟ್ಟಿದರು. ಬಿಲ್ ಒಂದು ರೂಪಾಯಿ ಇಳಿಯಲಿಲ್ಲ, ಯೂನಿಟ್ ಲೆಕ್ಕದ ಮೀಟರಿಗೆ ಅದು ಕಾಣುವುದೇ ಇಲ್ಲವಲ್ಲ.

ಅದೇ ಕೆಪಾಸಿಟರ್ ಕೆಳಗಿನ ಹೋಟೆಲಿನಲ್ಲಿ ಹಣ ತಂದಿತು. ಹೋಟೆಲಿನವರಿಗೆ ಸೋಲಾರ್ ರಿಯಾಯಿತಿ ಇಲ್ಲ, ಅದು ಮನೆ ಮೀಟರಿಗೆ ಮಾತ್ರ. ಮುಖ ಸಣ್ಣ ಮಾಡಿಕೊಂಡು ಬಿಲ್ ತೋರಿಸಿದರು. ಪವರ್ ಫ್ಯಾಕ್ಟರ್, ಅಂದರೆ ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಪಾಲು, ಅದರ ಕಾಲಮಿನಲ್ಲಿ 0.74, ಅದರ ಕೆಳಗೆ ಐನೂರು ಚಿಲ್ಲರೆ ದಂಡ, ಎಷ್ಟು ವರ್ಷದಿಂದಲೋ. 0.85ರ ಕೆಳಗೆ ಹೋದರೆ ದಂಡ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ರುಬ್ಬುವ ಕಲ್ಲಿನ ಎರಡು ಮೋಟಾರಿಗೆ ಅದರದ್ದೇ ಸ್ಟಾರ್ಟರಿನ ಹಿಂದೆ ಕೂರಿಸಿದೆ, ಮೋಟಾರ್ ನಿಂತರೆ ಕೆಪಾಸಿಟರೂ ಬಿಡಬೇಕು. ಮೂರು ಸಾವಿರದ ಒಳಗೆ ಕೆಲಸ ಮುಗಿಯಿತು, ಮುಂದಿನ ಬಿಲ್ಲಿನಲ್ಲಿ 0.93. ಹದಿನಾರು ಮನೆಗೆ ಒಟ್ಟಾಗಿ ಸಿಗುತ್ತಿರುವುದಕ್ಕಿಂತ ಅವರೊಬ್ಬರಿಗೆ ಉಳಿದದ್ದೇ ಹೆಚ್ಚು. ಈಗಲೂ ನನ್ನ ಚಹಾಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಮೊನ್ನೆ ದುಬೈಯವರು ರಜೆಗೆ ಬಂದಿದ್ದರು. ಗೃಹಜ್ಯೋತಿಗೆ ನೋಂದಾಯಿಸದವರು, ಬಿಲ್ ಕಟ್ಟುವವರು. ಹೊರಡುವ ದಿನ ಬಿಲ್ ಹಿಡಿದು ನನ್ನನ್ನು ಮೇಲೆ ಕರೆಸಿದರು. "ಎಲ್ಲರಿಗೂ ಐವತ್ತು ಕೊಡಿಸಿದ್ದೀರಂತೆ. ಇಪ್ಪತ್ತೈದು ಸಾವಿರ ನಾನೂ ಕೊಟ್ಟಿದ್ದೇನಲ್ಲ, ನನಗೆ ಯಾಕೆ ಹನ್ನೊಂದು ರೂಪಾಯಿ?" ಉರಿಸಿದ್ದು ಇಪ್ಪತ್ತೆರಡು ಯೂನಿಟ್. ಅರ್ಧ ಮಾಡಿ ತೋರಿಸಿದೆ. ನನ್ನ ಲೆಕ್ಕ ನಂಬದೆ, ಮೂರನೇ ಮಾಳಿಗೆಗೆ ಇಳಿದು ಮೇಷ್ಟ್ರ ಹತ್ತಿರ ಇನ್ನೊಮ್ಮೆ ಮಾಡಿಸಿದರು.