ಮುಂಬಯಿಯ ಸೆಕೆಗೆ ಒಗ್ಗುವ ಹಿಂಡುಮೀನುಗಳು: ನನ್ನ ಅನುಭವ

ಸಿಹಿನೀರಿನ ಅಕ್ವೇರಿಯಂ ಕುರಿತ ವಿದೇಶಿ ಕೈಪಿಡಿಗಳಲ್ಲಿ ‘ಗಟ್ಟಿ ಜೀವ’ದ ಮೀನು ಎಂದರೆ ಚಳಿಯನ್ನೂ ತಾಳಿಕೊಳ್ಳುವ ಮೀನು ಎಂದೇ ಲೆಕ್ಕ. ಮುಲುಂಡಿನ ನಮ್ಮ ಮನೆಯಲ್ಲಿ ಹೀಟರ್‌ಗೆ ಕೆಲಸವೇ ಇಲ್ಲ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನಗಳಲ್ಲಿ ತೊಟ್ಟಿಯ ನೀರು 31 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ 30 ಡಿಗ್ರಿಯಲ್ಲಿ ಅದು ಏಳೂವರೆ ಮಿಲಿಗ್ರಾಂಗೆ ಇಳಿಯುತ್ತದೆ, ಅದೇ ಹೊತ್ತಿಗೆ ಮೀನಿನ ಉಸಿರಾಟ ಚುರುಕಾಗಿ ಅದಕ್ಕೆ ಬೇಕಾದ ಆಮ್ಲಜನಕವೂ ಹೆಚ್ಚುತ್ತದೆ. ಆದ್ದರಿಂದ ಮೀನು ಆರಿಸುವಾಗ ಸೆಕೆಯನ್ನು ತಾಳಬಲ್ಲದೇ ಎಂಬ ಪ್ರಶ್ನೆಯನ್ನೇ ಮೊದಲು ಇಟ್ಟುಕೊಂಡೆ.

ಕುರ್ಲಾ ಮತ್ತು ಕ್ರಾಫರ್ಡ್ ಮಾರ್ಕೆಟ್‌ನ ಅಂಗಡಿಗಳಲ್ಲಿ ಕಣ್ಣಿಗೆ ಮೊದಲು ಬೀಳುವ ನಿಯಾನ್ ಟೆಟ್ರಾ ಈ ಪ್ರಶ್ನೆಗೇ ಬಿದ್ದುಹೋಯಿತು, ಏಕೆಂದರೆ ಅದಕ್ಕೆ ಹಿತವಾದ ನೀರು 26 ಡಿಗ್ರಿಯ ಒಳಗಿನದು. ದಕ್ಷಿಣ ಚೀನಾದ ತಂಪು ತೊರೆಗಳ ವೈಟ್ ಕ್ಲೌಡ್ ಮಿನ್ನೋ ಮೀನಿನ ಮಾತಂತೂ ಬೇಡ. ಟೈಗರ್ ಬಾರ್ಬ್ ಸೆಕೆ ತಾಳುತ್ತದೆ, ಆದರೆ ಪಕ್ಕದ ಮೀನಿನ ರೆಕ್ಕೆ ಕಚ್ಚುವ ಚಟ ಅದಕ್ಕಿದೆ. ಅದೊಂದನ್ನೇ ದೊಡ್ಡ ಹಿಂಡಾಗಿ ಸಾಕುವವರಿಗೆ ಅಡ್ಡಿಯಿಲ್ಲ. ‘ಮಿಸ್ ಕೇರಳ’ ಎಂದು ಮಾರುವ ಡೆನಿಸನ್ ಬಾರ್ಬ್ ಅನ್ನು ಬಿಟ್ಟುಬರುವುದು ಮಾತ್ರ ಕಷ್ಟವಾಯಿತು. ಕರ್ನಾಟಕ, ಕೇರಳಗಳ ಪಶ್ಚಿಮ ಘಟ್ಟದ ಹೊಳೆಗಳಲ್ಲಷ್ಟೇ ಹುಟ್ಟಿ ಬೆಳೆಯುವ ಈ ಮೀನು ಅಳಿವಿನ ಅಂಚಿನ ಜೀವಿಗಳ ಪಟ್ಟಿಯಲ್ಲಿದೆ, ಹೊಳೆಯಿಂದ ಹಿಡಿದು ತಂದದ್ದೋ ಸಾಕಿ ಬೆಳೆಸಿದ್ದೋ ಎಂಬುದಕ್ಕೆ ಅಂಗಡಿಯವರು ಖಚಿತ ಉತ್ತರ ಕೊಡುವುದಿಲ್ಲ. ಮೇಲಾಗಿ ಹರಿಯುವ ನೀರಿನ ಆಮ್ಲಜನಕಕ್ಕೆ ಒಗ್ಗಿದ, ಗೇಣುದ್ದಕ್ಕೆ ಹತ್ತಿರ ಬೆಳೆಯುವ ಮೀನಿಗೆ ನನ್ನ ತೊಟ್ಟಿ ಸಾಲದು.

ಕೊನೆಗೆ ಆರಿಸಿಕೊಂಡದ್ದು ಜೀಬ್ರಾ ಡೇನಿಯೋ. ಗಂಗಾ, ಬ್ರಹ್ಮಪುತ್ರಾ ಬಯಲಿನ ತೊರೆ, ಗದ್ದೆಯ ಕಾಲುವೆಗಳಲ್ಲಿ ಚಳಿಗಾಲದ ತಣ್ಣೀರನ್ನೂ ಬೇಸಿಗೆಯಲ್ಲಿ 30 ಡಿಗ್ರಿ ಮೀರುವ ನೀರನ್ನೂ ಕಂಡ ಜಾತಿ ಇದು. ಇದನ್ನು 1822ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ ಹ್ಯಾಮಿಲ್ಟನ್, 1800–01ರಲ್ಲಿ ಮೈಸೂರು, ಕೆನರಾ ಸೀಮೆಗಳನ್ನು ಸುತ್ತಿ ಬರೆದ ನಮ್ಮ ಬುಕಾನನ್ನನೇ. ಹೆಸರನ್ನು ಅವನು ಆಮೇಲೆ ಬದಲಿಸಿಕೊಂಡ. ನಾಲ್ಕು ಸೆಂಟಿಮೀಟರ್ ಉದ್ದದ ಈ ಮೀನಿಗೆ ಸಣ್ಣ ಗಾಜಿನ ಬೋಗುಣಿ ಸಾಕೆಂದು ಮಾರುವವರು ಹೇಳುತ್ತಾರಾದರೂ ನಾನು ಒಪ್ಪುವುದಿಲ್ಲ. ದಿನವಿಡೀ ಓಡಾಡುವ ಮೀನಿಗೆ ನೀರಿನ ಆಳಕ್ಕಿಂತ ಉದ್ದ ಮುಖ್ಯವೆಂದು ಮೂರು ಅಡಿ ಉದ್ದ, ಒಂದು ಅಡಿ ಅಗಲ, ಒಂದೂಕಾಲು ಅಡಿ ಎತ್ತರದ ತೊಟ್ಟಿಯನ್ನು ಮಾಡಿಸಿದೆ. ಅಂಚಿನವರೆಗೆ ತುಂಬಿದರೆ ಅದು ಸುಮಾರು 105 ಲೀಟರ್ ಹಿಡಿಯುತ್ತದೆ. ಡೇನಿಯೋ ಹಾರುತ್ತದೆ, ಮುಚ್ಚಳ ಬೇಕೇ ಬೇಕು.

ಸಂಖ್ಯೆಯ ವಿಷಯದಲ್ಲಿ ಡೊಂಬಿವಲಿಯ ಕನ್ನಡಿಗ ಸ್ನೇಹಿತರೊಬ್ಬರ ಮಾತನ್ನು ಹಿಡಿದೆ: “ಹತ್ತು ಬಗೆಯಲ್ಲಿ ಎರಡೆರಡು ತಂದರೆ ಅದು ಸಂತೆ, ಹಿಂಡಲ್ಲ.” ಆರಕ್ಕಿಂತ ಕಡಿಮೆ ಇದ್ದಾಗ ಡೇನಿಯೋಗಳು ತಮ್ಮಲ್ಲೇ ದುರ್ಬಲವಾದದ್ದನ್ನು ಅಟ್ಟಾಡಿಸುತ್ತವೆ, ಹತ್ತು, ಹನ್ನೆರಡು ಇದ್ದರೆ ಆ ಕಾಟ ಹಲವರಲ್ಲಿ ಹಂಚಿಹೋಗಿ ಯಾವ ಮೀನೂ ಮೂಲೆ ಸೇರುವುದಿಲ್ಲ. ನಾನು ಹನ್ನೆರಡು ತಂದೆ. ನೀರಿನ ನಡುಭಾಗಕ್ಕೆಂದು ಬಂದ ಎರಡನೆಯ ಹಿಂಡು ಎಂಟು ವಿಡೋ ಟೆಟ್ರಾಗಳದು. ದಕ್ಷಿಣ ಅಮೆರಿಕದ ಪರಾಗ್ವೆ ನದೀಪ್ರದೇಶದ ಈ ಮೀನು ಸಹಜವಾಗಿ ಬೂದು ಕಪ್ಪು. ಗುಲಾಬಿ, ನೀಲಿ ಬಣ್ಣದವುಗಳಲ್ಲಿ ಕೆಲವು ಬಣ್ಣ ಹಾಕಿಸಿಕೊಂಡು ಬಳಲಿದವು, ಕೆಲವು ವಂಶವಾಹಿ ತಿದ್ದಿದವು, ಮತ್ತು ಅಂಗಡಿಯ ದೀಪದಲ್ಲಿ ವ್ಯತ್ಯಾಸ ತಿಳಿಯುವುದಿಲ್ಲವಾದ್ದರಿಂದ ಎರಡನ್ನೂ ದೂರವಿಟ್ಟೆ. ಗಪ್ಪಿಯಂತಹ ಉದ್ದ ಬಾಲದ ಮೀನನ್ನು ಇವುಗಳ ಜೊತೆ ಬಿಡಬಾರದು.

ಅಂಗಡಿಯಲ್ಲಿ ಮೀನು ಕೊಳ್ಳುವ ಮೊದಲು ಚಿಟಿಕೆ ಆಹಾರ ಹಾಕಿಸಿ ನೋಡುತ್ತೇನೆ. ಹಿಂಡಿನಿಂದ ಬೇರೆಯಾಗಿ ನಿಂತದ್ದು, ರೆಕ್ಕೆ ಮಡಚಿಕೊಂಡದ್ದು, ನೀರಿನ ಮೇಲ್ಮೈಯಲ್ಲಿ ಬಾಯಿ ಬಿಡುತ್ತಿರುವುದು ಒಂದೇ ಒಂದು ಕಂಡರೂ ಆ ತೊಟ್ಟಿಯಿಂದ ಯಾವ ಮೀನನ್ನೂ ತರುವುದಿಲ್ಲ.

ಗಟ್ಟಿ ಮೀನೆಂದು ಹೊಸ ತೊಟ್ಟಿಗೆ ನೇರವಾಗಿ ಬಿಡುವ ರೂಢಿ ನನಗೆ ಸರಿಕಾಣದು. ಮೀನು ಹೊರಹಾಕುವ ಅಮೋನಿಯಾವನ್ನು ನೈಟ್ರೈಟ್ ಆಗಿಯೂ ಅದನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುವ ಬ್ಯಾಕ್ಟೀರಿಯಾ ಫಿಲ್ಟರ್‌ನಲ್ಲಿ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅದೇ ಸ್ನೇಹಿತರು ತಮ್ಮ ಹಳೆಯ ಫಿಲ್ಟರ್‌ನ ಸ್ಪಂಜೊಂದನ್ನು ಒದ್ದೆಯಾಗಿಯೇ ಕೊಟ್ಟದ್ದರಿಂದ ಈ ಅವಧಿ ಸಾಕಷ್ಟು ತಗ್ಗಿತು. ಆದರೂ ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದ ಮೇಲೆಯೇ ಡೇನಿಯೋಗಳನ್ನು ಬಿಟ್ಟೆ, ಟೆಟ್ರಾಗಳನ್ನು ಅವು ನೆಲೆಗೊಂಡ ಬಳಿಕ ತಂದೆ.

ಭಾತ್ಸಾ, ವೈತರಣಾ, ತಾನ್ಸಾ ಜಲಾಶಯಗಳಿಂದ ಬರುವ ನಮ್ಮ ನಲ್ಲಿಯ ನೀರು ಬಹುಮಟ್ಟಿಗೆ ಮೃದುವಾದದ್ದು, ಈ ಎರಡೂ ಮೀನುಗಳಿಗೆ ಹೊಂದುವಂಥದ್ದು. ಅದರ ಕ್ಲೋರಿನ್‌ಗೆ ಆಂಟಿಕ್ಲೋರಿನ್ ಹನಿಗಳು ಸಾಕು. ಬೇಸಿಗೆಯಲ್ಲಿ ಸೊಸೈಟಿಗೆ ಬರುವ ಟ್ಯಾಂಕರ್ ನೀರು ಕೊಳವೆಬಾವಿಯದಾಗಿದ್ದರೆ ಗಡುಸಾಗಿರುತ್ತದೆ, ಆಗ ಒಮ್ಮೆಗೆ ಹತ್ತನೆಯ ಒಂದು ಭಾಗ ಮಾತ್ರ ಬದಲಿಸುತ್ತೇನೆ. ಉಳಿದ ದಿನಗಳಲ್ಲಿ ವಾರಕ್ಕೆ ಕಾಲುಭಾಗ ಬದಲಿಸುವುದು ಕ್ರಮ, ಅದೂ ಬೆಳಗಿನ ಜಾವದಲ್ಲಿ; ಮಧ್ಯಾಹ್ನ ತಾರಸಿಯ ಟ್ಯಾಂಕಿನಿಂದ ಇಳಿಯುವ ನೀರಿಗೆ ಕೈಯೊಡ್ಡಲೂ ಆಗದು. ಮೇ ತಿಂಗಳಲ್ಲಿ ಆಹಾರವನ್ನು ಅರ್ಧಕ್ಕಿಳಿಸಿ, ಏರ್ ಪಂಪನ್ನು ಹಗಲಿರುಳು ಓಡಿಸಿ, ಮುಚ್ಚಳದ ಜಾಗದಲ್ಲಿ ಸಣ್ಣ ಕಣ್ಣಿನ ಬಲೆ ಬಿಗಿಯುತ್ತೇನೆ.